ಕಲಬುರಗಿಯಲ್ಲಿ ಕೂತು ಮೆದುಳಿನ ಎಲೆಕ್ಟ್ರೋಡ್ ಮಾಡೆಲಿಂಗ್: ಕ್ಲೀನ್‌ರೂಂ ಇಲ್ಲದೆ ಎಲ್ಲಿತನಕ ಹೋಗಬಹುದು?

ಆಳಂದದಾಕಿ

ನಮಸ್ಕಾರ್ರಿ ಎಲ್ಲಾರಿಗೂ. ಕಲಬುರಗಿ ಒಳಗ ಎಂ.ಟೆಕ್ ಮಾಡ್ಲತ್ತೀನಿ, ಎಲೆಕ್ಟ್ರಾನಿಕ್ಸ್. ಪ್ರಾಜೆಕ್ಟಿಗೆ ಮೆದುಳಿನ ಎಲೆಕ್ಟ್ರೋಡ್ ವಿಷಯನೇ ತಗೋಬೇಕಂತ ಗಟ್ಟಿ ಮನಸ್ಸು ಮಾಡೀನಿ. ನಮ್ಮ ಕಾಕಾಗ ಪಾರ್ಕಿನ್‌ಸನ್ಸ್ ಅದ. ಡೀಪ್ ಬ್ರೇನ್ ಸ್ಟಿಮ್ಯುಲೇಶನ್ (ಮೆದುಳಿನ ಒಳಗ ಎಲೆಕ್ಟ್ರೋಡ್ ಇಟ್ಟು ಕರೆಂಟ್ ಕೊಡೋದು) ಅಂತ ಡಾಕ್ಟರ್ ಹೇಳಿದಾಗಿಂದ ಅದರ ಬಗ್ಗೆನೇ ಓದ್ಲತ್ತೀನಿ.

ಗೈಡ್ ಸರ್ ಅಂತಾರ, "ಇಲ್ಲಿ ಕ್ಲೀನ್‌ರೂಂ (ಚಿಪ್ ಮಾಡೋ ಧೂಳಿಲ್ಲದ ಕೋಣೆ) ಇಲ್ಲ, ನ್ಯಾನೊ ವಿಷಯ ಹಿಡದ್ರ ಅರ್ಧಕ್ಕ ನಿಲ್ತದ, ಬ್ಯಾರೆ ಏನರ ನೋಡು." ಮಾಡೆಲಿಂಗ್ ಅರ ಮಾಡ್ಬಹುದಲ್ಲ ಅಂತ ನನ್ನ ವಿಚಾರ. ಆದ್ರ ಯಾವ ಮಾಡೆಲಿಂಗ್? ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಮ್ಯಾಲ ಮಾಲಿಕ್ಯುಲರ್ ಡೈನಮಿಕ್ಸ್, ಅಂದ್ರ ಒಂದೊಂದು ಅಣುವಿನ ಚಲನೆಯ ಲೆಕ್ಕ ಮಾಡ್ಲೋ, ಇಡೀ ಎಲೆಕ್ಟ್ರೋಡ್ ಸಣ್ಣ ಸಣ್ಣ ತುಂಡು ಮಾಡಿ ಲೆಕ್ಕ ಹಾಕೋ ಫೈನೈಟ್ ಎಲಿಮೆಂಟ್ ಮಾಡ್ಲೋ? ಲ್ಯಾಪ್‌ಟಾಪ್ 16 ಜಿಬಿ ರ್‍ಯಾಮಿಂದು. ಕಾಮ್ಸೋಲ್ ಸಾಫ್ಟ್‌ವೇರಿನ ಲೈಸೆನ್ಸ್ ಇಲ್ಲ. ಈ ಕೆಲಸ ಮಾಡಿದವರು ಯಾರರ ಇದ್ರ ದಾರಿ ತೋರಸ್ರಿ.

ಸುರಪುರ_ಫಿಸಿಕ್ಸ್

ವಿಷಯ ಬದಲಿಸಬೇಡ ತಂಗಿ. ಗ್ರಾಫೀನಿನ ಮಾಲಿಕ್ಯುಲರ್ ಡೈನಮಿಕ್ಸ್ ಮಾತ್ರ ಸದ್ಯಕ್ಕೆ ಬಿಡು. ಆ ಲೆಕ್ಕ ನಡೆಯುವುದು ಕೆಲವೇ ನ್ಯಾನೊಮೀಟರ್ ಅಗಲದ ಪೆಟ್ಟಿಗೆಯಲ್ಲಿ, ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ. ನರಕೋಶದ ಒಂದು ಸ್ಪೈಕ್ (ವಿದ್ಯುತ್ ಮಿಡಿತ) ಅಂದರೆ ಸುಮಾರು ಒಂದು ಮಿಲಿಸೆಕೆಂಡ್. ನಡುವೆ ಹತ್ತು ಲಕ್ಷ ಪಟ್ಟಿನ ಕಂದಕ ಇದೆ. ಅದಕ್ಕೆ ಸೇತುವೆ ಕಟ್ಟುವ ಹೊತ್ತಿಗೆ ನಿನ್ನ ಕೋರ್ಸ್ ಮುಗಿದಿರುತ್ತದೆ.

ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡು. ನ್ಯಾನೊಮೆಟೀರಿಯಲ್ ಯಾಕೆ ಬೇಕು, ಎಲ್ಲಿತನಕ ಬೇಕು ಎರಡೂ ಅದರಲ್ಲೇ ಕಾಣುತ್ತವೆ.

20 ಮೈಕ್ರಾನ್ ವ್ಯಾಸದ, ನುಣುಪಾದ ಪ್ಲಾಟಿನಂ ಬಿಲ್ಲೆ ತಗೋ. ಕ್ಷೇತ್ರಫಲ ಸುಮಾರು 314 ಚದರ ಮೈಕ್ರಾನ್. ಲೋಹ ಮತ್ತು ಉಪ್ಪುನೀರು ಸೇರುವಲ್ಲಿ ಚಾರ್ಜ್ ಕೂಡಿಡುವ ತೆಳು ಪದರ, ಅಂದರೆ ಡಬಲ್ ಲೇಯರ್ ಕೆಪಾಸಿಟನ್ಸ್ ಇರುತ್ತದೆ. ನುಣುಪು ಪ್ಲಾಟಿನಂಗೆ ಚದರ ಸೆಂಟಿಮೀಟರಿಗೆ 30 ಮೈಕ್ರೊಫ್ಯಾರಡ್ ಅಂತ ಇಟ್ಟುಕೊಂಡರೆ ಈ ಬಿಲ್ಲೆಗೆ ಬರುವುದು 94 ಪಿಕೊಫ್ಯಾರಡ್. 1 ಕಿಲೋಹರ್ಟ್ಸ್‌ನಲ್ಲಿ ಇದರ ಇಂಪೀಡೆನ್ಸ್ (ಎಸಿ ಕರೆಂಟಿಗೆ ಇರುವ ಅಡ್ಡಿ) ಸುಮಾರು 1.7 ಮೆಗಾ ಓಮ್. ಇದು ಬಹಳ ಹೆಚ್ಚು. ತಂತಿಯ ಸೋರಿಕೆ ಕೆಪಾಸಿಟನ್ಸ್ ಅರ್ಧ ಸಿಗ್ನಲ್ ನುಂಗಿಬಿಡಬಹುದು.

ಈಗ ಅದೇ ಬಿಲ್ಲೆಯ ಮೇಲೆ ಒರಟು ಪ್ಲಾಟಿನಂ, ಇರಿಡಿಯಂ ಆಕ್ಸೈಡ್, ಕಾರ್ಬನ್ ನ್ಯಾನೊಟ್ಯೂಬ್, ಕರೆಂಟ್ ಹರಿಸುವ ಪಾಲಿಮರ್ ಆದ ಪೆಡಾಟ್, ಯಾವುದಾದರೂ ಒಂದನ್ನು ಬೆಳೆಸಿ ನಿಜವಾದ ಮೇಲ್ಮೈಯನ್ನು 100 ಪಟ್ಟು ಮಾಡಿದೆ ಅಂದುಕೋ. ಆ ಭಾಗ 17 ಕಿಲೋ ಓಮಿಗೆ ಇಳಿಯುತ್ತದೆ. ಆದರೆ ಕರೆಂಟ್ ಬಿಲ್ಲೆಯಿಂದ ದ್ರವದೊಳಗೆ ಹರಡಿಕೊಳ್ಳುವಾಗ ಇನ್ನೊಂದು ರೆಸಿಸ್ಟನ್ಸ್ ಎದುರಾಗುತ್ತದೆ. ಬಿಲ್ಲೆಗೆ ಅದು ರೆಸಿಸ್ಟಿವಿಟಿಯನ್ನು ತ್ರಿಜ್ಯದ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು. ಸಲೈನಿನ ಕಂಡಕ್ಟಿವಿಟಿ ಮೀಟರಿಗೆ 1.5 ಸೀಮೆನ್ಸ್ ಎಂದರೆ 16.7 ಕಿಲೋ ಓಮ್. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ಸುಮಾರು 24. ಮೇಲ್ಮೈ 1000 ಪಟ್ಟು ಮಾಡು, ಒಟ್ಟು ಇಳಿದು ಇಳಿದು 17ಕ್ಕೆ ನಿಲ್ಲುತ್ತದೆ. ಮೊದಲ ನೂರು ಪಟ್ಟಿಗೆ ಸಿಕ್ಕ ಲಾಭ ಎಪ್ಪತ್ತು ಪಟ್ಟು, ಮುಂದಿನ ಹತ್ತು ಪಟ್ಟಿಗೆ ಸಿಕ್ಕಿದ್ದು ಒಂದೂವರೆ ಪಟ್ಟೂ ಇಲ್ಲ. ಆ ಹರಡುವ ರೆಸಿಸ್ಟನ್ಸ್ ಗಾತ್ರದಿಂದ ಬಂದದ್ದು, ಮೇಲೆ ಏನೇ ಲೇಪಿಸಿದರೂ ಹೋಗುವುದಿಲ್ಲ. ಮೆದುಳಿನಲ್ಲಿ ಕಂಡಕ್ಟಿವಿಟಿ 0.3 ಹತ್ತಿರ ಇರುವುದರಿಂದ ಈ ನೆಲಮಟ್ಟ 80 ಕಿಲೋ ಓಮ್ ದಾಟುತ್ತದೆ.

"ಅತಿ ಕಡಿಮೆ ಇಂಪೀಡೆನ್ಸ್" ಅಂತ ಎದೆ ತಟ್ಟಿ ಹೇಳುವ ಪೇಪರ್ ಸಿಕ್ಕಾಗ ಮೊದಲು ಎಲೆಕ್ಟ್ರೋಡಿನ ವ್ಯಾಸ ನೋಡು. ನಿನ್ನ ಪ್ರಾಜೆಕ್ಟ್ ಈ ಲೆಕ್ಕದಿಂದ ಶುರುವಾಗಲಿ. ಫೈನೈಟ್ ಎಲಿಮೆಂಟಿಗೆ ಎಲ್ಮರ್ ಅಥವಾ ಫೆನಿಕ್ಸ್ ಸಾಫ್ಟ್‌ವೇರ್ ತಗೋ, ಎರಡೂ ಉಚಿತ. ಅಕ್ಷದ ಸುತ್ತ ಸಮರೂಪ ಇರುವ ಬಿಲ್ಲೆಗೆ ಎರಡು ಆಯಾಮದ ಮೆಶ್ (ಲೆಕ್ಕದ ತುಂಡುಗಳ ಜಾಲ) ಸಾಕು, 16 ಜಿಬಿ ಹೆಚ್ಚೇ ಆಯಿತು.

ಶಹಾಪುರ_ಮೇಷ್ಟ್ರು

ಚರ್ಚೆ ಚೆನ್ನಾಗಿದೆ. ನನಗೊಂದು ಪ್ರಶ್ನೆ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಎಲೆಕ್ಟ್ರೋಡ್ ಇಟ್ಟು ಕೇಳಿಸುವ ಯಂತ್ರ) ಇದೆ. ಕಿವಿಯ ಹಿಂದಿನ ಪ್ರೊಸೆಸರ್ ಬ್ಯಾಟರಿ ಮುಗಿದರೆ ಮುಖ ತಿರುಗಿಸಿ ನನ್ನ ತುಟಿ ನೋಡಲು ಶುರು ಮಾಡುತ್ತಾನೆ, ಆಗ ನನಗೆ ಗೊತ್ತಾಗುತ್ತದೆ. ಬ್ಯಾಟರಿ ಹಾಕಿದ ಕೂಡಲೇ ಮತ್ತೆ ಮಗ್ಗಿ ಕೂಗುತ್ತಾನೆ. ಅದರಲ್ಲಿ ಇರುವುದು ಬರೀ ಪ್ಲಾಟಿನಂ, ಅದೂ 22 ಎಲೆಕ್ಟ್ರೋಡ್. ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ 1978ರಲ್ಲಿ ಬಹು-ಎಲೆಕ್ಟ್ರೋಡ್ ಇಂಪ್ಲಾಂಟ್ ಕೂಡಿಸಿದಾಗ ನ್ಯಾನೊ ಅನ್ನುವ ಮಾತು ಎಲ್ಲಿತ್ತು? ಸಾದಾ ಲೋಹ ಇಷ್ಟು ವರ್ಷ ಕೆಲಸ ಮಾಡುತ್ತಿರುವಾಗ ಹೊಸ ವಸ್ತು ತಲೆಯೊಳಗೆ ಯಾಕೆ ಹಾಕಬೇಕು?

ಸುರಪುರ_ಫಿಸಿಕ್ಸ್

ಮೇಷ್ಟ್ರೇ, ಸರಿಯಾದ ಪ್ರಶ್ನೆ. ಆಳಂದದಾಕಿಯ ಕಾಕಾನ ವಿಷಯಕ್ಕೂ ಇದೇ ಲೆಕ್ಕ. ಡೀಪ್ ಬ್ರೇನ್ ಸ್ಟಿಮ್ಯುಲೇಶನ್‌ನ ಸಾಮಾನ್ಯ ಲೀಡಿನಲ್ಲಿ ಒಂದೊಂದು ಕಾಂಟ್ಯಾಕ್ಟ್ 1.27 ಮಿಲಿಮೀಟರ್ ವ್ಯಾಸ, 1.5 ಮಿಲಿಮೀಟರ್ ಎತ್ತರ. ಸುಮಾರು 6 ಚದರ ಮಿಲಿಮೀಟರ್. 3 ಮಿಲಿ ಆಂಪಿಯರನ್ನು 60 ಮೈಕ್ರೊಸೆಕೆಂಡ್ ಹರಿಸಿದರೆ ಚದರ ಸೆಂಟಿಮೀಟರಿಗೆ ಬೀಳುವ ಚಾರ್ಜ್ 3 ಮೈಕ್ರೊಕೂಲಂಬ್. ಪ್ಲಾಟಿನಂ 50ರಿಂದ 150ರವರೆಗೆ ತಡೆಯುತ್ತದೆ. ಹಾಗಾಗಿ ಕಾಕಾನ ಯಂತ್ರಕ್ಕೆ ನ್ಯಾನೊಮೆಟೀರಿಯಲ್ ಅಗತ್ಯವೇ ಇಲ್ಲ. ಕಾಕ್ಲಿಯಾದಲ್ಲೂ ಎಲೆಕ್ಟ್ರೋಡ್ ಸಾಕಷ್ಟು ದೊಡ್ಡದು.

ಒಂದೊಂದೇ ನರಕೋಶದ ಜೊತೆ ಮಾತಾಡಬೇಕು ಎಂದಾಗ ಎಲ್ಲ ಬದಲಾಗುತ್ತದೆ. ನಮ್ಮ 20 ಮೈಕ್ರಾನ್ ಬಿಲ್ಲೆ ಆ ಕಾಂಟ್ಯಾಕ್ಟಿಗಿಂತ 19,000 ಪಟ್ಟು ಚಿಕ್ಕದು. 10 ಮೈಕ್ರೊ ಆಂಪಿಯರನ್ನು 200 ಮೈಕ್ರೊಸೆಕೆಂಡ್ ಕೊಟ್ಟರೆ ಚಾರ್ಜ್ 2 ನ್ಯಾನೊಕೂಲಂಬ್. ನುಣುಪು ಪ್ಲಾಟಿನಂ ಬಿಲ್ಲೆ ಸುರಕ್ಷಿತವಾಗಿ ಕೊಡಬಲ್ಲದ್ದು ಸುಮಾರು 0.3 ನ್ಯಾನೊಕೂಲಂಬ್ ಮಾತ್ರ. ಮೀರಿದರೆ ನೀರು ಒಡೆಯುತ್ತದೆ, ಲೋಹ ಕರಗುತ್ತದೆ, ಸುತ್ತಲಿನ ಪಿಎಚ್ ಏರುಪೇರಾಗುತ್ತದೆ. ಇರಿಡಿಯಂ ಆಕ್ಸೈಡ್ ಆದರೆ ಚದರ ಸೆಂಟಿಮೀಟರಿಗೆ 1ರಿಂದ 5 ಮಿಲಿಕೂಲಂಬ್ ತಾಳುತ್ತದೆ, ಅಂದರೆ ಇದೇ ಬಿಲ್ಲೆಗೆ 3ರಿಂದ 15 ನ್ಯಾನೊಕೂಲಂಬ್. ಕೃತಕ ದೃಷ್ಟಿ, ಕೈಗೆ ಸ್ಪರ್ಶದ ಅನುಭವ ಮರಳಿಸುವುದು, ಇಂಥ ಕಡೆ ಹೊಸ ವಸ್ತು ಬೇಕೇಬೇಕು.

ಒಂದು ಎಚ್ಚರಿಕೆ. ಲೋಹ ತಾಳಿತು ಅಂದಮಾತ್ರಕ್ಕೆ ಮೆದುಳು ತಾಳಿತು ಅಂತಲ್ಲ. ಸೂಕ್ಷ್ಮ ಎಲೆಕ್ಟ್ರೋಡುಗಳಿಗೆ ಒಂದು ಪಲ್ಸಿಗೆ 4 ನ್ಯಾನೊಕೂಲಂಬ್ ಸುತ್ತಮುತ್ತಲೇ ಅಂಗಾಂಶಕ್ಕೆ ಪೆಟ್ಟಾಗುವ ಗಡಿ ಎಂದು ಈ ಕ್ಷೇತ್ರದಲ್ಲಿ ಹಿಡಿಯುತ್ತಾರೆ. 15 ಕೊಡುವ ವಸ್ತು ಕೈಯಲ್ಲಿದ್ದರೂ 15 ಕೊಡುವ ಹಾಗಿಲ್ಲ.

ಕಮಲಾಪುರ_ಕೋಡರ್

ಮೆದುಳಿಗೆ ಎಲೆಕ್ಟ್ರೋಡ್ ಕೂಡಿಸುವ ಕಂಪನಿ ನ್ಯೂರಾಲಿಂಕ್‌ನವರು ಇದನ್ನೆಲ್ಲ ಬಗೆಹರಿಸಿಬಿಟ್ಟಿದ್ದಾರಲ್ಲವೇ?

ಭಾಲ್ಕಿಯವ

ಇಲ್ಲ. ಅವರದು 64 ಎಳೆ, 1,024 ಎಲೆಕ್ಟ್ರೋಡ್. 2024ರ ಜನವರಿಯಲ್ಲಿ ಮೊದಲ ವ್ಯಕ್ತಿಗೆ ಹಾಕಿದರು, ಅದೇ ವರ್ಷ ಮೇ ತಿಂಗಳಲ್ಲಿ ಕೆಲವು ಎಳೆಗಳು ಮೆದುಳಿನಿಂದ ಹಿಂದೆ ಸರಿದವು ಎಂದು ಕಂಪನಿಯೇ ತಿಳಿಸಿತು. ಸಾಫ್ಟ್‌ವೇರ್ ತಿದ್ದಿ ಕೆಲಸ ಮುಂದುವರಿಸಿದರು. ಆ ವ್ಯಕ್ತಿಗೆ ಅದರಿಂದ ನಿಜವಾದ ಉಪಯೋಗ ಆಗಿದೆ, ಅದನ್ನು ಯಾರೂ ಅಲ್ಲಗಳೆಯಬಾರದು. ಯಾಂತ್ರಿಕ ಸಮಸ್ಯೆ ಮಾತ್ರ ಅಲ್ಲೇ ಇದೆ.

ನಾನು ಭಾಲ್ಕಿಯವನು, ಈಗ ಬೆಂಗಳೂರಿನಲ್ಲಿ ಕ್ಲೀನ್‌ರೂಂ ಕೆಲಸ. ಫ್ಯಾಬ್ರಿಕೇಶನ್ ಬಗ್ಗೆ ಹೇಳುತ್ತೇನೆ, ಯಾಕಂದರೆ ಮಾಡೆಲ್ ಮಾಡುವವರು ಅದನ್ನು ನೋಡದೇ ಹೋದರೆ ಮಾಡಲಾಗದ ವಸ್ತುವನ್ನೇ ಮಾಡೆಲ್ ಮಾಡಿ ಕೂರುತ್ತಾರೆ.

ಬಾಗುವ ಎಲೆಕ್ಟ್ರೋಡಿನ ರೂಢಿಯ ದಾರಿ ಹೀಗೆ. ಸಿಲಿಕಾನ್ ವೇಫರ್ (ತೆಳು ಬಿಲ್ಲೆ) ಮೇಲೆ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ದ್ರವ ಸುರಿದು ಗಿರಗಿರ ತಿರುಗಿಸಿ ಕೆಲವು ಮೈಕ್ರಾನ್ ಪದರ ಮಾಡುತ್ತೇವೆ, ನೈಟ್ರೋಜನ್‌ನಲ್ಲಿ ಸುಮಾರು 350 ಡಿಗ್ರಿಗೆ ಬೇಯಿಸುತ್ತೇವೆ. ಮೇಲೆ ಫೋಟೋರೆಸಿಸ್ಟ್ (ಬೆಳಕು ಬಿದ್ದರೆ ಬದಲಾಗುವ ಲೇಪ) ಹಚ್ಚಿ, ಹಳದಿ ಬೆಳಕಿನ ಕೋಣೆಯಲ್ಲಿ ಮಾಸ್ಕ್ ಇಟ್ಟು ಬೆಳಕು ಬಿಡುತ್ತೇವೆ. ಆಮೇಲೆ ತೆಳ್ಳಗೆ ಟೈಟಾನಿಯಂ, ಅದರ ಮೇಲೆ ಪ್ಲಾಟಿನಂ. ನಂತರ ಅಸಿಟೋನಿನಲ್ಲಿ ಮುಳುಗಿಸಿದಾಗ ಬೇಡದ ಲೋಹ ಬೆಳ್ಳಿಯ ಹಾಳೆಯಂತೆ ಸುಕ್ಕುಗಟ್ಟಿ ಎದ್ದು ತೇಲುತ್ತದೆ, ಬೇಕಾದ ಗೆರೆ ಉಳಿಯುತ್ತದೆ. ಉಸಿರು ಹಿಡಿದು ನೋಡುವ ಘಳಿಗೆ ಅದು. ರೆಸಿಸ್ಟಿನ ಗೋಡೆ ಸರಿಯಾಗಿ ಒಳಬಾಗಿರದಿದ್ದರೆ ಗೆರೆಯ ಎರಡೂ ಅಂಚಿನಲ್ಲಿ ಲೋಹದ ಕಿವಿಗಳು ನಿಂತುಬಿಡುತ್ತವೆ. ಅವು ಮೇಲಿನ ಪದರವನ್ನು ಚುಚ್ಚಿ ತೂತು ಮಾಡುತ್ತವೆ, ಆ ತೂತಿನಿಂದ ನೀರು ಇಳಿದು ಪ್ಲಾಟಿನಂ ಪ್ಲಾಸ್ಟಿಕ್ಕಿನಿಂದ ಬಿಡುತ್ತದೆ. ಕೊನೆಗೆ ಇನ್ನೊಂದು ಪಾಲಿಇಮೈಡ್ ಪದರ, ಆಕ್ಸಿಜನ್ ಪ್ಲಾಸ್ಮಾದಿಂದ ಕಿಟಕಿ ತೆರೆಯುವುದು, ವೇಫರಿನಿಂದ ಬಿಡಿಸುವುದು.

ಈಗ ಗಟ್ಟಿತನದ ಮಾತು. ಸಿಲಿಕಾನ್ 130ರಿಂದ 180 ಗಿಗಾ ಪಾಸ್ಕಲ್, ಪಾಲಿಇಮೈಡ್ ಸುಮಾರು 2.5, ಮೆದುಳು ಕೆಲವೇ ಕಿಲೋ ಪಾಸ್ಕಲ್. ಮೆದುಳಿಗೂ ಪಾಲಿಇಮೈಡಿಗೂ ನಡುವೆಯೇ ಲಕ್ಷಗಟ್ಟಲೆ ಪಟ್ಟು ಅಂತರ ಉಳಿಯಿತು. ನಮ್ಮನ್ನು ಕಾಪಾಡುವುದು ದಪ್ಪ. ಬಾಗುವ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ, ದಪ್ಪ ಅರ್ಧ ಮಾಡಿದರೆ ಬಿಗಿತ ಎಂಟನೇ ಒಂದು ಭಾಗ. ಆದರೆ ಅಷ್ಟು ಮೆತ್ತಗಾದದ್ದು ಮೆದುಳಿನೊಳಗೆ ಹೋಗುವುದು ಹೇಗೆ? 2 ಮಿಲಿಮೀಟರ್ ಉದ್ದ, 100 ಮೈಕ್ರಾನ್ ಅಗಲ, 10 ಮೈಕ್ರಾನ್ ದಪ್ಪದ ಪಾಲಿಇಮೈಡ್ ಕಡ್ಡಿಗೆ ಆಯ್ಲರನ ಬಕ್ಲಿಂಗ್ ಸೂತ್ರ ಹಾಕಿದರೆ ಸುಮಾರು 0.1 ಮಿಲಿ ನ್ಯೂಟನಿಗೆ ಮಡಚಿಕೊಳ್ಳುತ್ತದೆ. ಒಳಗೆ ಚುಚ್ಚಲು ಬೇಕಾಗುವುದು ಮಿಲಿ ನ್ಯೂಟನ್ ಆಸುಪಾಸು. ಅದಕ್ಕೇ ಗಟ್ಟಿ ಸೂಜಿಯ ಸಹಾಯ, ಅಥವಾ ಒಳಗೆ ಹೋದ ಮೇಲೆ ಕರಗುವ ಲೇಪ. ತಂಗಿ, ಇದು ಕೂಡ ನಿನ್ನ ಪ್ರಾಜೆಕ್ಟಿನ ಒಂದು ಅಧ್ಯಾಯ ಆಗಬಹುದು.

ಬೀದರ್_ಪಶುವೈದ್ಯ

ನಾನು ಬೀದರಿನ ನಂದಿನಗರದಲ್ಲಿ, ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಓದಿದವನು. ಜೀವಿಯ ಕಡೆಯಿಂದ ನಾಲ್ಕು ಮಾತು.

ಮೆದುಳು ತಲೆಯೊಳಗೆ ಸುಮ್ಮನೆ ಕೂತಿರುವುದಿಲ್ಲ. ಇಲಿಯಲ್ಲಿ ಅಳೆದಾಗ ಉಸಿರಾಟಕ್ಕೇ 10ರಿಂದ 30 ಮೈಕ್ರಾನ್, ನಾಡಿ ಬಡಿತಕ್ಕೆ 2ರಿಂದ 4 ಮೈಕ್ರಾನ್ ಅಲುಗುತ್ತದೆ. ಬುರುಡೆಗೆ ಬಿಗಿದ ಗಟ್ಟಿ ಕಡ್ಡಿ ಅಲುಗುವುದಿಲ್ಲ, ಮೆದುಳು ಅದಕ್ಕೆ ಉಜ್ಜುತ್ತಲೇ ಇರುತ್ತದೆ. ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಓಡಿ ಬರುತ್ತವೆ, ಆಸರೆ ಕೋಶಗಳಾದ ಆಸ್ಟ್ರೋಸೈಟುಗಳು ಸುತ್ತ ಪೊರೆ ಕಟ್ಟುತ್ತವೆ, ನರಕೋಶಗಳು ದೂರವಾಗುತ್ತವೆ. ಸಿಗ್ನಲ್ ದಿನೇ ದಿನೇ ಕುಗ್ಗುತ್ತದೆ.

ನ್ಯಾನೊಟ್ಯೂಬ್ ಬಗ್ಗೆ ಉತ್ಸಾಹ ಇರಲಿ, ಜಾಗ್ರತೆಯೂ ಇರಲಿ. 2008ರಲ್ಲಿ ಇಲಿಗಳ ಹೊಟ್ಟೆಯ ಪೊರೆಗೆ ಉದ್ದನೆಯ ಬಹುಪದರ ಕಾರ್ಬನ್ ನ್ಯಾನೊಟ್ಯೂಬ್ ಹಾಕಿದಾಗ ಕಲ್ನಾರಿನಿಂದ ಆಗುವಂಥದೇ ಉರಿಯೂತ ಕಂಡಿತು. ಎಲೆಕ್ಟ್ರೋಡಿಗೆ ಗಟ್ಟಿಯಾಗಿ ಅಂಟಿಕೊಂಡ ಟ್ಯೂಬಿನ ಕಥೆ ಬೇರೆ, ಕಳಚಿ ತೇಲುವ ಟ್ಯೂಬಿನ ಕಥೆ ಬೇರೆ. ಆದ್ದರಿಂದ ಲೇಪ ಕಳಚುತ್ತದೆಯೇ ಎಂಬ ಪ್ರಶ್ನೆ ಸಿಗ್ನಲಿನದಷ್ಟೇ ಅಲ್ಲ, ಆರೋಗ್ಯದ ಪ್ರಶ್ನೆ ಕೂಡ.

ಎಂ.ಟೆಕ್‌ನಲ್ಲಿ ಪ್ರಾಣಿಯ ಮೇಲೆ ಪ್ರಯೋಗಕ್ಕೆ ಕೈಹಾಕಬೇಡ. ನೈತಿಕ ಸಮಿತಿಯ ಒಪ್ಪಿಗೆ, ತರಬೇತಿ ಪಡೆದ ಕೈ ಎರಡೂ ಬೇಕು, ಮತ್ತು ಪ್ರಾಣಿಯ ನೋವಿಗೆ ತಕ್ಕ ಪ್ರಶ್ನೆಯೂ ಇರಬೇಕು. ಬದಲಿಗೆ 0.6 ಶೇಕಡಾ ಅಗರೋಸ್ ಜೆಲ್ ಮಾಡು. ಚುಚ್ಚುವ ಪರೀಕ್ಷೆಗೆ ಮೆದುಳಿನ ಬದಲಿಯಾಗಿ ಲೋಕವೆಲ್ಲ ಬಳಸುವುದು ಅದನ್ನೇ. ಬಿಸಿನೀರಲ್ಲಿ ಕರಗಿಸಿ ಗಾಜಿನ ಲೋಟಕ್ಕೆ ಸುರಿದು ತಣಿಸಿದರೆ ಆಯಿತು. ಪಾರದರ್ಶಕ ಇರುವುದರಿಂದ ಕಡ್ಡಿ ಎಲ್ಲಿ ಬಾಗಿತು ಅಂತ ಮೊಬೈಲ್ ಕ್ಯಾಮರಾದಲ್ಲೇ ಹಿಡಿಯಬಹುದು.

ಚೌಬಾರಾ_ಬೀದರ್

ನಾನು ವಿಜ್ಞಾನ ಓದಿದವನಲ್ಲ, ನಮ್ಮದು ಬಿದ್ರಿ ಕೆಲಸದ ಮನೆತನ. ಭಾಲ್ಕಿಯವರು ಬರೆದದ್ದು ಓದಿ ಕೇಳಬೇಕೆನ್ನಿಸಿತು. ನಾವು ಸತು-ತಾಮ್ರದ ಎರಕದ ಮೇಲೆ ಉಳಿಯಿಂದ ಗೀರು ಕೆತ್ತಿ, ಬೆಳ್ಳಿ ತಂತಿ ಕೂಡಿಸಿ ಬಡಿಯುತ್ತೇವೆ. ಅಂಟು ಇಲ್ಲ, ಬೆಸುಗೆ ಇಲ್ಲ, ಗೀರಿನ ಅಂಚೇ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ನಿಮ್ಮ ಪ್ಲಾಟಿನಂ ಪ್ಲಾಸ್ಟಿಕ್ಕಿನಿಂದ ಬಿಡುತ್ತದೆ ಅಂತೀರಿ. ಮೇಲೆ ಹಚ್ಚುವ ಬದಲು ಗೀರಿನಲ್ಲಿ ಕೂಡಿಸಿದರೆ ನಿಲ್ಲುವುದಿಲ್ಲವೇ?

ಭಾಲ್ಕಿಯವ

ಅಣ್ಣಾ, ನೀವು ನೇರ ಸಮಸ್ಯೆಯ ಬೇರಿಗೇ ಕೈಹಾಕಿದಿರಿ. ಪ್ಲಾಟಿನಂಗೂ ಪಾಲಿಇಮೈಡಿಗೂ ರಾಸಾಯನಿಕ ನಂಟು ತೀರಾ ಕಡಿಮೆ. ನೀರಿನ ಅಣುಗಳು ಪಾಲಿಮರಿನೊಳಗೆ ನಿಧಾನ ಸೇರಿ ಆ ಸಂದಿಗೆ ಬಂದು ಕೂತ ಮೇಲೆ ಪದರ ಏಳುತ್ತದೆ. ಅದಕ್ಕೆ ಇರುವ ಉಪಾಯಗಳು ನಿಮ್ಮದೇ ಜಾತಿಯವು: ಪ್ಲಾಸ್ಮಾದಿಂದ ಮೇಲ್ಮೈ ಒರಟು ಮಾಡುವುದು, ಲೋಹದಲ್ಲಿ ಸಣ್ಣ ತೂತು ಬಿಟ್ಟು ಮೇಲಿನ-ಕೆಳಗಿನ ಪಾಲಿಮರ್ ಒಂದಕ್ಕೊಂದು ಹಿಡಿದುಕೊಳ್ಳುವಂತೆ ಮಾಡುವುದು, ನಡುವೆ ಸಿಲಿಕಾನ್ ಕಾರ್ಬೈಡಿನ ತೆಳು ಪದರ ಹಾಕುವುದು. ಲೋಹದ ಅಂಚನ್ನು ಪಾಲಿಮರ್ ಅಡಿ ಮುಚ್ಚಿ ಕಿಟಕಿಯನ್ನು ಸ್ವಲ್ಪ ಚಿಕ್ಕದಾಗಿ ತೆರೆಯುವುದೂ ಉಂಟು. ಕಂಪ್ಯೂಟರ್ ಚಿಪ್ಪಿನಲ್ಲಿ ತಾಮ್ರದ ಗೆರೆಗಳನ್ನು ಕಾಲುವೆ ತೋಡಿ, ತುಂಬಿ, ಉಜ್ಜಿ ಸಮ ಮಾಡುವ ವಿಧಾನವನ್ನು 1997ರಲ್ಲಿ ಐಬಿಎಂ ಪ್ರಕಟಿಸಿತು. ನೀವು ಮಾಡುವ ಕ್ರಮವೂ ಅದೇ.

ಪರೀಕ್ಷೆ ಕಾಯುವ ಕೆಲಸ. ಬಿಸಿ ಸಲೈನಿನಲ್ಲಿ ಮುಳುಗಿಸಿ ಬೇಗ ಹಳೆಯದಾಗಿಸುತ್ತೇವೆ. 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಎರಡು ಪಟ್ಟು ಎಂಬ ಅಂದಾಜಿನಲ್ಲಿ 67 ಡಿಗ್ರಿಯ ಒಂದು ತಿಂಗಳು ದೇಹದ 37 ಡಿಗ್ರಿಯ ಎಂಟು ತಿಂಗಳಿಗೆ ಸಮ. ಇದಕ್ಕೆ ಕ್ಲೀನ್‌ರೂಂ ಬೇಡ, ಉಷ್ಣತೆ ಹಿಡಿದಿಡುವ ಒಂದು ವಾಟರ್ ಬಾತ್ ಮತ್ತು ಯುಪಿಎಸ್ ಸಾಕು. ನಮ್ಮ ಕಡೆ ಕರೆಂಟ್ ಹೋಗುವ ಕಾರಣ ಯುಪಿಎಸ್ ಮರೆಯಬೇಡ.

ಆಳಂದದಾಕಿ

ಎಲ್ಲಾರಿಗೂ ಶರಣ್ರಿ. ಎಲ್ಮರ್ ಹಾಕ್ಕೊಂಡು ಬಿಲ್ಲೆ ಮಾಡೆಲ್ ಮಾಡ್ದೆ. 20 ಮೈಕ್ರಾನ್ ಬಿಲ್ಲೆ, ಸುತ್ತ 100 ಮೈಕ್ರಾನ್ ತ್ರಿಜ್ಯದ ಅರ್ಧಗೋಳ, ಅದರ ಹೊರಮೈ ಗ್ರೌಂಡ್. ಸೂತ್ರ 16.7 ಅಂತದ, ನನಗ 15.6 ಕಿಲೋ ಓಮ್ ಬರ್ಲತ್ತದ. ಮೆಶ್ ಎಷ್ಟ್ ಸಣ್ಣ ಮಾಡಿದ್ರೂ ಅಷ್ಟೇ. ಮತ್ತ ಬಿಲ್ಲೆ ಅಂಚಿನ್ಯಾಗ ಕರೆಂಟ್ ಡೆನ್ಸಿಟಿ ಮೆಶ್ ಸಣ್ಣ ಮಾಡ್ದಂಗ ಏರ್ತನೇ ಹೋಗ್ತದ, ನಿಲ್ಲಂಗಿಲ್ಲ. ಇದು ಯಾಕ?

ಸುರಪುರ_ಫಿಸಿಕ್ಸ್

ಎರಡೂ ಒಳ್ಳೆಯ ಲಕ್ಷಣ, ನಿನ್ನ ಸಾಲ್ವರ್ ಸರಿಯಾಗಿ ಓಡುತ್ತಿದೆ.

ಸೂತ್ರ ಗ್ರೌಂಡ್ ಅನಂತ ದೂರದಲ್ಲಿದೆ ಅನ್ನುತ್ತದೆ, ನಿನ್ನದು 100 ಮೈಕ್ರಾನಿನಲ್ಲಿದೆ. ಅಲ್ಲಿಂದಾಚೆಗಿನ ದ್ರವದ ರೆಸಿಸ್ಟನ್ಸ್ ಲೆಕ್ಕಕ್ಕೆ ಬಂದಿಲ್ಲ. ಎರಡು ಪೈಯನ್ನು ಆ ತ್ರಿಜ್ಯದಿಂದ ಗುಣಿಸಿ, ಬಂದದ್ದರಿಂದ ರೆಸಿಸ್ಟಿವಿಟಿಯನ್ನು ಭಾಗಿಸು, 1.06 ಕಿಲೋ ಓಮ್ ಬರುತ್ತದೆ. 15.6ಕ್ಕೆ ಕೂಡಿಸು. ತ್ರಿಜ್ಯ 1 ಮಿಲಿಮೀಟರ್ ಮಾಡಿದರೆ ವ್ಯತ್ಯಾಸ 0.1ಕ್ಕೆ ಇಳಿಯುತ್ತದೆ.

ಅಂಚಿನ ಏರಿಕೆ ಮೆಶ್‌ನ ತೊಂದರೆಯಲ್ಲ, ಗಣಿತವೇ ಹಾಗಿದೆ. ಸಮ ವೋಲ್ಟೇಜಿನ ಬಿಲ್ಲೆಯ ಅಂಚಿನಲ್ಲಿ ಕರೆಂಟ್ ಡೆನ್ಸಿಟಿ ಅನಂತಕ್ಕೆ ಹೋಗುತ್ತದೆ. ನಿಜವಾದ ಎಲೆಕ್ಟ್ರೋಡಿನಲ್ಲಿ ಡಬಲ್ ಲೇಯರ್ ಅದನ್ನು ತಗ್ಗಿಸುತ್ತದೆ, ಆದರೂ ಅಂಚಿನಲ್ಲಿ ಹೆಚ್ಚು ಇದ್ದೇ ಇರುತ್ತದೆ. ಮುಂದಿನ ಹೆಜ್ಜೆಯಾಗಿ ಬಿಲ್ಲೆಯ ಮೇಲ್ಮೈಗೆ ಕೆಪಾಸಿಟನ್ಸ್ ಸೇರಿಸು. ಆಮೇಲೆ ಅದೇ ಕೆಪಾಸಿಟನ್ಸನ್ನು ರಂಧ್ರಗಳ ಆಳಕ್ಕೆ ಹಂಚು. ಇಲ್ಲೇ ನ್ಯಾನೊಮೆಟೀರಿಯಲಿನ ನಿಜವಾದ ಸ್ವಾರಸ್ಯ ಇದೆ. ರಂಧ್ರದ ಒಳಗಿನ ದ್ರವಕ್ಕೂ ರೆಸಿಸ್ಟನ್ಸ್ ಇದೆ, ಗೋಡೆಗೆ ಕೆಪಾಸಿಟನ್ಸ್ ಇದೆ, ಎರಡೂ ಸೇರಿ ಟ್ರಾನ್ಸ್‌ಮಿಷನ್ ಲೈನ್ ಆಗುತ್ತದೆ. ಫ್ರೀಕ್ವೆನ್ಸಿ ಏರಿದಂತೆ ಸಿಗ್ನಲ್ ರಂಧ್ರದ ಬಾಯಿಯಲ್ಲೇ ನಿಲ್ಲುತ್ತದೆ, ತಳ ಮುಟ್ಟುವುದಿಲ್ಲ. ಡಿ ಲೆವಿ 1960ರ ದಶಕದಲ್ಲೇ ಇದನ್ನು ಬಿಡಿಸಿಟ್ಟಿದ್ದಾರೆ. ಯಾವ ಅಗಲಕ್ಕೆ ಎಷ್ಟು ಆಳ ದಾಟಿದರೆ 1 ಕಿಲೋಹರ್ಟ್ಸ್‌ನಲ್ಲಿ ಪ್ರಯೋಜನ ಇಲ್ಲ ಎಂಬ ನಕ್ಷೆ ನೀನು ಬರೆದರೆ, ಎಷ್ಟು ಹೊತ್ತು ಲೇಪ ಬೆಳೆಸಬೇಕು ಎಂದು ಫ್ಯಾಬ್ ಮಾಡುವವರಿಗೆ ಅದು ನೇರ ಉತ್ತರ.

ಶಹಾಪುರ_ಮೇಷ್ಟ್ರು

ಬರೀ ಕಂಪ್ಯೂಟರಿನ ಲೆಕ್ಕವನ್ನು ಪರೀಕ್ಷಕರು ಒಪ್ಪುತ್ತಾರೆಯೇ? ಏನಾದರೂ ಅಳೆದು ತೋರಿಸಬೇಕಲ್ಲ.

ಭಾಲ್ಕಿಯವ

ಅಳೆಯಲೇಬೇಕು, ಮೇಷ್ಟ್ರು ಹೇಳಿದ್ದು ಖರೆ. 127 ಮೈಕ್ರಾನ್ ವ್ಯಾಸದ, ಇನ್ಸುಲೇಶನ್ ಇರುವ ಪ್ಲಾಟಿನಂ ತಂತಿ ಸಿಗುತ್ತದೆ. ತುದಿಯನ್ನು ಎಪಾಕ್ಸಿಯಲ್ಲಿ ಹೂತು ನಯವಾಗಿ ಉಜ್ಜಿದರೆ ಅದೇ ಬಿಲ್ಲೆ. ಹರಡುವ ರೆಸಿಸ್ಟನ್ಸ್ ಸಲೈನಿನಲ್ಲಿ 2.6 ಕಿಲೋ ಓಮ್ ಬರಬೇಕು. ಕೆಮಿಸ್ಟ್ರಿ ವಿಭಾಗದ ಇಂಪೀಡೆನ್ಸ್ ಅನಲೈಸರ್ ಕೇಳಿಕೋ. 100 ಕಿಲೋಹರ್ಟ್ಸ್ ಕಡೆ ಗ್ರಾಫ್ ಸಪಾಟಾಗುವ ಜಾಗ ಈ ರೆಸಿಸ್ಟನ್ಸ್ ಹೇಳುತ್ತದೆ, ಕೆಳಗಿನ ಇಳಿಜಾರು ಕೆಪಾಸಿಟನ್ಸ್ ಹೇಳುತ್ತದೆ. ಆಮೇಲೆ ಅದೇ ತುದಿಗೆ ಪ್ಲಾಟಿನಂ ಬ್ಲ್ಯಾಕ್ ಎಲೆಕ್ಟ್ರೋಪ್ಲೇಟ್ ಮಾಡಿ ಮತ್ತೆ ಅಳೆ. ಇಳಿಜಾರು ಕೆಳಗೆ ಬರುತ್ತದೆ, ಸಪಾಟು ಜಾಗ ಅಲ್ಲೇ ಇರುತ್ತದೆ. ನಿನ್ನ ಮಾಡೆಲ್ ಹೇಳಿದ್ದನ್ನು ಪರೀಕ್ಷಕರ ಕಣ್ಣ ಮುಂದೆ ತೋರಿಸಿದ ಹಾಗಾಯಿತು. ಲೆಡ್ ಅಸಿಟೇಟ್ ಸೇರಿಸುವ ಹಳೆಯ ಪಾಕ ಮಾತ್ರ ಬೇಡ, ಸೀಸ ನರಕ್ಕೆ ವಿಷ.

20 ಮೈಕ್ರಾನಿನದಕ್ಕೆ ಕ್ಲೀನ್‌ರೂಂ ಬೇಕೇ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಹೊರಗಿನ ಕಾಲೇಜಿನವರಿಗಾಗಿಯೇ ಐಎನ್‌ಯುಪಿ ಎಂಬ ಕೇಂದ್ರ ಸರ್ಕಾರದ ಕಾರ್ಯಕ್ರಮ ಇದೆ, 2008ರಿಂದ ನಡೆದು ಬಂದದ್ದು. ಪ್ರಸ್ತಾವನೆ ಬರೆಯಬೇಕು. "ಗ್ರಾಫೀನ್ ಮೇಲೆ ಏನಾದರೂ ಮಾಡುತ್ತೇನೆ" ಅಂತ ಬರೆದವರ ಸಾಲು ಉದ್ದ ಇರುತ್ತದೆ. "10, 20, 40 ಮೈಕ್ರಾನ್ ಬಿಲ್ಲೆ, ನನ್ನ ಮಾಡೆಲ್ ಇಷ್ಟು ಹೇಳುತ್ತದೆ, 127ರಲ್ಲಿ ಅಳೆದದ್ದು ಇಷ್ಟು, ಸಣ್ಣದರಲ್ಲಿ ಇದು ನಿಲ್ಲುತ್ತದೆಯೇ ನೋಡಬೇಕು" ಅಂತ ಬರೆದವರನ್ನು ಯಾರೂ ತಳ್ಳಿಹಾಕಲಾರರು. ಗೈಡ್ ಸರ್ ಮುಂದೆಯೂ ಇದೇ ಕಾಗದ ಇಡು.

ಆಳಂದದಾಕಿ

ಸರ್ ಮುಂದ ಇಟ್ಟೆ. ಬಾಳ ಹೊತ್ತು ನೋಡಿದ್ರು, ಮತ್ತ ಕೆಮಿಸ್ಟ್ರಿ ವಿಭಾಗಕ್ಕ ತಾವೇ ಫೋನ್ ಹಚ್ಚಿದ್ರು. ಅನಲೈಸರ್ ಅದ, ಆದ್ರ 10 ಹರ್ಟ್ಸ್‌ನಿಂದ ಮ್ಯಾಲ ಮಾತ್ರ ಅಳೀತದಂತ. ಪ್ಲಾಟಿನಂ ತಂತಿಗೆ ಆರ್ಡರ್ ಹಾಕೀವಿ. ಭಾಲ್ಕಿ ಅಣ್ಣಾ, ಮಾಸ್ಕ್ ಚಿತ್ರ ಬರೀಲಾಕ ಕೆ-ಲೇಔಟ್ ಸಾಕೇನ್ರಿ?

ಭಾಲ್ಕಿಯವ

10 ಹರ್ಟ್ಸ್ ಧಾರಾಳ ಸಾಕು, ಸ್ಪೈಕ್ ಇರುವುದು 300ರ ಮೇಲೆ. ಕೆ-ಲೇಔಟ್ ಸಾಕು, ಉಚಿತ. ಕಿಟಕಿಯನ್ನು ಲೋಹಕ್ಕಿಂತ ಎಲ್ಲ ಕಡೆ 5 ಮೈಕ್ರಾನ್ ಒಳಗೆ ಇಡು, ಅಲೈನ್‌ಮೆಂಟ್ ಒಂದೆರಡು ಮೈಕ್ರಾನ್ ತಪ್ಪಿದರೂ ಅಂಚು ಮುಚ್ಚಿಯೇ ಇರುತ್ತದೆ. ಫೈಲ್ ಇಲ್ಲೇ ಹಾಕು, ನೋಡುತ್ತೇನೆ.